ಕಾಣೆಯಾದ ಸಾಣೆ ಅಂಗಡಿ

“ಅತ್ತೆ, ನಮ್ಮ ಅಂಗಡಿ ಕಾಣೆಯಾಗಿದೆ!”

ಫೋನಿನಲ್ಲಿ ನನ್ನ ತಮ್ಮನ ಮಗಳು. ನಾನು ನಿವೃತ್ತ ಇನ್‌ಸ್ಪೆಕ್ಟರ್. ಕಾರು, ನಾಯಿ, ಗಂಡಂದಿರು ಕಾಣೆಯಾದ ದೂರು ಬೇಕಾದಷ್ಟು ಬರೆದುಕೊಂಡಿದ್ದೇನೆ. ಅಂಗಡಿ ಇದೇ ಮೊದಲು. ಚಪ್ಪಲಿ ಮೆಟ್ಟಿ ಓಡಿದೆ.

ಅಂಗಡಿ ಇದ್ದಲ್ಲೇ ಇತ್ತು. ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುವುದರಲ್ಲಿ ಎತ್ತಿದ ಕೈ ನನ್ನ ತಮ್ಮ. ತಲೆ ಎತ್ತದೆ ಕಲ್ಲಿನ ಮೇಲೆ ಕತ್ತರಿ ಉಜ್ಜುತ್ತಿದ್ದ.

“ಅಲ್ಲಲ್ಲ ಅತ್ತೆ, ಇಲ್ಲಿ!” ಹುಡುಗಿ ಕಂಪ್ಯೂಟರ್ ತೋರಿಸಿದಳು. “ಕತ್ತರಿ ಸಾಣೆ ಅಂತ ಹುಡುಕಿದ್ರೆ ಹೋದ ತಿಂಗಳು ನಮ್ಮ ವೆಬ್‌ಸೈಟ್ ಮೂರನೇದಾಗಿ ಬರ್ತಿತ್ತು. ಈಗ ಹತ್ತು ಪುಟ ಕೆದಕಿದ್ರೂ ಇಲ್ಲ. ಎರಡು ವಾರದಿಂದ ಒಂದೂ ಹೊಸ ಕರೆ ಇಲ್ಲ. ತಿಂಗಳ ಕೊನೆಯೊಳಗೆ ಹೊಸ ಗಿರಾಕಿ ಬರದಿದ್ರೆ ಅಂಗಡಿ ಮುಚ್ಚೋದೇ ಅಂತ ಅಪ್ಪ ಹೇಳ್ಬಿಟ್ಟಿದ್ದಾರೆ.”

ಅವಳ ಕಣ್ಣು ತುಂಬಿತ್ತು. ನನಗೆ ರೇಗಿತು. ಖುಷಿಯೂ ಆಯಿತು, ಸುಳ್ಳೇಕೆ. ಕೇಸು ಸಿಕ್ಕಿ ಎಷ್ಟು ದಿನವಾಗಿತ್ತು!

“ಯಾರ ಮೇಲಾದ್ರೂ ಅನುಮಾನ?”

“ಎದುರಿನ ಯಂತ್ರದ ಸಾಣೆಯವನು. ಈಗ ಮೊದಲು ಬರೋದು ಅವನೇ!”

* * *

ಯಂತ್ರದವನು ಹೊಟ್ಟೆ ಹಿಡಿದು ನಕ್ಕ.

“ಮೇಡಂ, ಎಡಗೈಯವರ ಕತ್ತರಿ ನನ್ನ ಯಂತ್ರದಲ್ಲಿ ಕೂರಲ್ಲ. ಅಂಥವರನ್ನ ನಾನೇ ಅಲ್ಲಿಗೆ ಕಳಿಸೋದು. ಅವರು ಮುಚ್ಚಿದ್ರೆ ನಂಗೇ ತಲೆನೋವು.”

ಮುಂದೆ, ವೆಬ್‌ಸೈಟ್ ಮಾಡಿಕೊಟ್ಟವನ ಬೆನ್ನು ಹತ್ತಿದೆ. ಪಾಸ್‌ವರ್ಡ್ ಅವನಿಗೂ ಗೊತ್ತು. ಆದರೆ ಆಸಾಮಿ ಸೈಕಲ್‌ನಿಂದ ಬಿದ್ದು ತಿಂಗಳಾಗಿತ್ತು. ಎರಡೂ ಕೈಗೆ ಪ್ಲಾಸ್ಟರ್!

“ಯಾವ ಪುಟ ಯಾವಾಗ ಬದಲಾಯ್ತು ಅನ್ನೋದೆಲ್ಲ ಸೈಟಿನ ಒಳಗೇ ದಾಖಲಾಗಿರುತ್ತೆ ಮೇಡಂ,” ಎಂದ ಪಾಪ. “ಅದನ್ನ ನೋಡಿ.”

* * *

ಹುಡುಗಿಯೂ ನಾನೂ ಕೂತು ನೋಡಿದೆವು.

ಹದಿನಾಲ್ಕು ಪುಟಗಳಿದ್ದವು. ದರ್ಜಿಯ ಕತ್ತರಿಗೊಂದು, ಅಡುಗೆ ಚಾಕುವಿಗೊಂದು, ಎಡಗೈ ಕತ್ತರಿಗೊಂದು, ಹೀಗೆ. ಹದಿಮೂರನ್ನು ಯಾರೋ ಅಳಿಸಿದ್ದರು. ಉಳಿದದ್ದು ಒಂದೇ ಪುಟ, ಅದರಲ್ಲಿ ಒಂದೇ ಸಾಲು: ‘ಕೆಲಸ ಚೆನ್ನಾಗಿರುತ್ತೆ.’

ಎಲ್ಲ ಅಳಿಸಾಟವೂ ಬೆಳಿಗ್ಗೆ ಒಂಬತ್ತು ಹತ್ತರಿಂದ ಒಂಬತ್ತೂವರೆಯೊಳಗೆ. ದಿನಾ ಇಪ್ಪತ್ತೇ ನಿಮಿಷ!

“ಆಗ ನೀನೆಲ್ಲಿರ್ತೀಯ?”

“ಹಳೇ ಗಿರಾಕಿ ದರ್ಜಿಗಳ ಹತ್ರ ಕತ್ತರಿ ತರೋಕೆ ಹೋಗಿರ್ತೀನಿ. ಕಂಪ್ಯೂಟರ್‌ನಲ್ಲಿ ಸೈಟ್ ತೆರೆದೇ ಇರುತ್ತೆ. ಅಂಗಡೀಲಿ ಅಪ್ಪ ಒಬ್ರೇ. ಅವರಿಗೆಲ್ಲಿ ಪುರುಸೊತ್ತು?”

* * *

ಮರುದಿನ ಹುಡುಗಿಯನ್ನು ಹೊರಗೆ ಬಿಡಲಿಲ್ಲ. ಒಂಬತ್ತು ಹತ್ತಕ್ಕೆ ಸರಿಯಾಗಿ ತಮ್ಮ ಸಾಣೆಕಲ್ಲುಗಳನ್ನು ನೀರಿಗೆ ಬಿಟ್ಟ. ಗುಳ್ಳೆಗಳು ಎದ್ದವು. ಅವನು ಸುಮ್ಮನೆ ಕೂತ.

“ಎಷ್ಟು ಹೊತ್ತು ನೆನೀಬೇಕೋ?”

“ಇಪ್ಪತ್ತು ನಿಮಿಷ ಅಕ್ಕ. ಗುಳ್ಳೆ ನಿಲ್ಲೋವರೆಗೂ ಕೈಗೆ ಕೆಲಸವಿಲ್ಲ.”

ನಾನು ಕೀಬೋರ್ಡನ್ನು ಬೆಳಕಿಗೆ ಹಿಡಿದೆ. ಎಲ್ಲ ಕೀಲಿಗಳೂ ಚೊಕ್ಕ. ಅಳಿಸುವ ಕೀಲಿಯ ಮೇಲೆ ಮಾತ್ರ ಸಾಣೆಕಲ್ಲಿನ ಬೂದುಬಣ್ಣದ ಕೆಸರು ಒಣಗಿ ಅಂಟಿತ್ತು.

“ಲೋ, ಬೆರಳು ತೋರಿಸು!”

ತೋರಿಸಿದ. ಉಗುರಿನಡಿ ಅದೇ ಕೆಸರು.

“ಅಪ್ಪಾ, ನೀವಾ!”

“ಹಾಳು ಮಾಡಿಲ್ಲ ಕಣಮ್ಮ,” ಅವನು ತಡವರಿಸಿದ. “ಕತ್ತರಿ ಅಂಚಿನ ಸಿಬಿರು ತೆಗೆದ್ರೆ ತಾನೇ ಹರಿತ? ನಿನ್ನ ಪುಟಗಳಲ್ಲೂ ಮಾತು ಜಾಸ್ತಿ ಅನ್ನಿಸ್ತು. ಒಪ್ಪವಾಗಿರ್ಲಿ ಅಂತ ದಿನಾ ಒಂದಿಷ್ಟು ತೆಗೆದೆ. ಎಡಗೈ ಕತ್ತರಿ ಅಂತ ಯಾರಮ್ಮ ಹುಡುಕ್ತಾರೆ?”

“ಹುಡುಕೋರು ಬರೆಯೋ ಮಾತು ನಮ್ಮ ಪುಟದಲ್ಲಿ ಇರಬೇಕಪ್ಪಾ! ಈಗ ಅಲ್ಲಿ ಕತ್ತರಿ ಅನ್ನೋ ಪದವೇ ಇಲ್ಲ. ಹುಡುಕುತಾಣ ನಮ್ಮನ್ನ ಹೇಗೆ ತೋರಿಸ್ಬೇಕು?”

ತಮ್ಮನ ಮುಖ ಬಿಳಿಚಿಕೊಂಡಿತು. “ಅಂದ್ರೆ… ಗಿರಾಕಿಗಳನ್ನ ಓಡಿಸಿದ್ದು ನಾನೇನಾ?”

ಹುಡುಗಿ ಹದಿಮೂರು ಪುಟಗಳನ್ನೂ ದಾಖಲೆಯಿಂದ ವಾಪಸ್ ತಂದಳು, ಇನ್ನೊಮ್ಮೆ ನೋಡಿ ಎಂದು ಹುಡುಕುತಾಣಕ್ಕೆ ಕೋರಿಕೆ ಕಳಿಸಿದಳು. ತಿಂಗಳಿಗೆ ಉಳಿದದ್ದು ಆರು ದಿನ.

* * *

ಕೊನೆಯ ದಿನ ಫೋನ್ ಬಡಿದುಕೊಂಡಿತು. ತಮ್ಮನೇ ಎತ್ತಿದ. ಬಾಯಿ ತೆರೆದದ್ದು ತೆರೆದೇ ಉಳಿಯಿತು.

“ಅಕ್ಕಾ! ಎಡಗೈ ದರ್ಜಿಯಂತೆ! ಆರು ಕತ್ತರಿಯಂತೆ! ನಮ್ಮ ಪುಟ ನೋಡಿ ಫೋನ್ ಮಾಡಿದ್ದಂತೆ!”

ನಾನು ಕೂತಲ್ಲೇ ಕುಣಿದೆ. ಹುಡುಗಿ ಅಪ್ಪನನ್ನು ತಬ್ಬಿಕೊಂಡಳು.

ತಮ್ಮ ಕಣ್ಣೊರೆಸಿಕೊಂಡು ಕಲ್ಲುಗಳನ್ನು ನೀರಿಗೆ ಬಿಟ್ಟ. ಕುರ್ಚಿ ಎಳೆದು ಮಗಳ ಪಕ್ಕ ಕೂತ.

“ಬರ್ಕೋಮ್ಮ. ಗಿಡ ಕತ್ತರಿಸೋ ಕತ್ತರಿ. ತಗಡು ಕತ್ತರಿ. ಬ್ಯಾಂಡೇಜ್ ಕತ್ತರಿ. ಆಮೇಲೆ…”

ಗುಳ್ಳೆಗಳು ನಿಂತು ಅರ್ಧ ಗಂಟೆಯಾಗಿತ್ತು. ಅವನಿನ್ನೂ ಹೇಳುತ್ತಲೇ ಇದ್ದ.