ಚರಗದ ಮೊದಲ ತುತ್ತು

ಬಹಳ ಬಹಳ ಹಿಂದೆ, ಕರಿಮಣ್ಣಿನ ಸೀಮೆಯಲ್ಲಿ ಮೇಘಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜನನ್ನು ಗಿಳಿ ಮಾಡಿ ಪಂಜರದಲ್ಲಿಟ್ಟು, ಭೂತಾಕ್ಷನೆಂಬ ಮಾಂತ್ರಿಕ ತಾನೇ ಸಿಂಹಾಸನ ಏರಿದ್ದ. ಅವನಿಗೆ ಬೇರೆಯವರ ನಗು ಕಂಡರಾಗದು. "ಸುಮ್ಮನೆ ಕೂತು ನಕ್ಕವರು ಕಲ್ಲಾಗಲಿ!" ಎಂದು ಊರಿಗೇ ಶಾಪ ಹಾಕಿದ. ಇಂಥವನಿಗೆ ಉಂಡ ಅನ್ನ ಹೇಗೆ ಮೈಗೆ ಹತ್ತುತ್ತಿತ್ತೋ, ಶಿವನೇ ಬಲ್ಲ.

ಆ ಊರಿನ ಕುಂಬಾರ ಈರಬಸು ಒಂದು ಸಂಜೆ ಕಟ್ಟೆಯ ಮೇಲೆ ಕೂತು, ತಂಗಿ ಹೊಳೆವ್ವನ ಮಾತಿಗೆ ನಕ್ಕುಬಿಟ್ಟ. ಅಂದಿನಿಂದ ಅವನ ಮೈ ಪಾದದಿಂದ ಮೇಲಕ್ಕೆ ಕಲ್ಲಾಗುತ್ತ ಬಂತು. ಎಳ್ಳಮವಾಸ್ಯೆಯ ಹೊತ್ತಿಗೆ ಎದೆ ಮುಟ್ಟಿತ್ತು. ಪ್ರತಿವರ್ಷ ಅಂದು ಅಣ್ಣತಂಗಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಮೊದಲ ತುತ್ತನ್ನು ಭೂಮಿತಾಯಿಗೆಂದು ಹೊಲದಲ್ಲಿ ಚೆಲ್ಲುವುದೇ ಚರಗ. ಅದಾದ ಮೇಲೆ ಉಂಡು, ಸಂಜೆತನಕ ಬನ್ನಿಮರದ ನೆರಳಲ್ಲಿ ಹರಟುತ್ತಿದ್ದರು.

"ಈ ಸಲ ಬ್ಯಾಡ ತಂಗಿ, ನೀನೂ ಕಲ್ಲಾಗ್ತಿ," ಎಂದ ಅಣ್ಣ.

"ಆದ್ರ ಆಗ್ತೀನಿ. ನಮ್ಮ ಹಬ್ಬ ನಮ್ದು. ಅವನ್ನ ಕೇಳಿ ನಗಬೇಕೇನು?"

ಹೊಳೆವ್ವ ಅಣ್ಣನನ್ನು ಎತ್ತಿನ ಚಕ್ಕಡಿಗೆ ಹತ್ತಿಸಿ, ಕೋಟೆಯ ಮುಂದೆಯೇ ಹಾಡುತ್ತ ಹೊರಟಳು.

ಹಳ್ಳದ ದಂಡೆಯಲ್ಲಿ ಮಾಂತ್ರಿಕನ ಹುಲಿ ಅಡ್ಡ ನಿಂತಿತು. "ಬುತ್ತಿ ಕೊಡು, ಇಲ್ಲಾಂದ್ರ ನಿನ್ನ ತಿಂತೀನಿ!"

ಹೊಳೆವ್ವ ಬುತ್ತಿಯನ್ನು ಮಡಿಲಿಗೆ ಎಳೆದುಕೊಂಡಳು. "ಚರಗ ಚೆಲ್ಲೋ ಮೊದ್ಲ ನಾನೂ ಉಣ್ಣಂಗಿಲ್ಲ, ನೀನೂ ಉಣ್ಣಂಗಿಲ್ಲ. ಹಸಿವಾಗಿದ್ರ ಸುಮ್ನ ಹಿಂದ ಬಾ."

ಆ ಹುಲಿಯನ್ನು ಈವರೆಗೆ ಯಾರೂ ಊಟಕ್ಕೆ ಕರೆದಿರಲಿಲ್ಲ. ಅದು ತೆಪ್ಪಗೆ ಹಿಂದೆ ನಡೆಯಿತು. ಎತ್ತುಗಳು ಮಾತ್ರ ಹಿಂದೆ ನೋಡುತ್ತಲೇ ಇದ್ದವು.

ದಿಬ್ಬದ ಮೇಲೆ ಏಳು ಹೆಡೆಯ ಹಾವು ಬುಸುಗುಟ್ಟಿತು. "ನಿನ್ನ ಏಳು ಬಾಯಿಗೂ ಕಡಬು ಅದಾವು, ಆದ್ರ ಚರಗ ಆದ ಮ್ಯಾಲೆ," ಎಂದಳು ಹೊಳೆವ್ವ. ಹಾವೂ ಹಿಂಬಾಲಿಸಿತು.

ಹೊಲದಲ್ಲಿ ಅಣ್ಣನನ್ನು ಬನ್ನಿಮರಕ್ಕೆ ಒರಗಿಸಿ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡಬು. ಚರಗಕ್ಕೆಂದು ಕಡಬು ಕೈಗೆತ್ತಿಕೊಳ್ಳುವಷ್ಟರಲ್ಲಿ ಕಲ್ಲು ಅಣ್ಣನ ಕೊರಳಿಗೆ ಬಂದಿತ್ತು.

"ತಂಗೀ, ಇನ್ನೊಂದು ಸಲ ನಗಸು," ಎಂದ ಅವನು.

ಹೊಳೆವ್ವನಿಗೆ ಅಳು ಉಕ್ಕಿ ಬಂತು. ಅದನ್ನು ನುಂಗಿಕೊಂಡು, "ಎಮ್ಮಿ ಮ್ಯಾಲೆ ರಾಜನಂಗ ಕುಂತು ಕೆರಿಗೆ ಬಿದ್ದಿದ್ದಿ, ನೆನಪೈತೇನು?" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವಳ ಪಾದವೂ ಕಲ್ಲಾಯಿತು. ಆದರೂ ನಗು ನಿಲ್ಲಿಸಲಿಲ್ಲ.

ಆ ನಗು ಕೇಳಿ ಭೂತಾಕ್ಷ ಬಿರುಗಾಳಿಯಾಗಿ ಬಂದಿಳಿದ. "ನನ್ನ ರಾಜ್ಯದಲ್ಲಿ ನಗುವಷ್ಟು ಕೊಬ್ಬೇ?" ಎಂದು ಅವಳ ಕೈಯ ಕಡಬು ಕಸಿದ.

"ಬಿಡು! ಅದು ಭೂಮಿತಾಯಿ ತುತ್ತು!"

"ಭೂಮಿಯೇ ನನ್ನದು, ಮೊದಲ ತುತ್ತೂ ನನ್ನದೇ!" ಎಂದು ಅವನು ಗುಳುಂ ಮಾಡಿದ.

ನೆಲ ಬಾಯಿ ತೆರೆಯಿತು. ತನ್ನ ತುತ್ತನ್ನೂ ಅದನ್ನು ನುಂಗಿದವನನ್ನೂ ಒಳಗೆಳೆದುಕೊಂಡು ಮತ್ತೆ ಮುಚ್ಚಿಕೊಂಡಿತು.

ಅಣ್ಣತಂಗಿಯ ಮೈಮೇಲಿನ ಕಲ್ಲು ಒಣಮಣ್ಣಿನಂತೆ ಉದುರಿತು. ಪಂಜರದ ಗಿಳಿ ಮತ್ತೆ ರಾಜನಾಯಿತು. ಹೊಳೆವ್ವ ಇನ್ನೊಂದು ಕಡಬು ಚೆಲ್ಲಿ ಚರಗ ಮುಗಿಸಿದಳು. ಹುಲಿ, ಹಾವು, ಅಣ್ಣ, ತಂಗಿ ಒಂದೇ ಪಂಕ್ತಿಯಲ್ಲಿ ಕೂತು ಉಂಡರು.

ಮೇಘಾವತಿಯ ಜನ ಮುಂದೆ ನಕ್ಕು ನಲಿದು ಬಾಳಿದರು. ಎಳ್ಳಮವಾಸ್ಯೆ ಬಂದರೆ ರಾಜನೂ ಆ ಹೊಲಕ್ಕೆ ಬರುತ್ತಿದ್ದ. ಎಷ್ಟೇ ಹಸಿದಿದ್ದರೂ, ಹೊಳೆವ್ವ ಚರಗ ಚೆಲ್ಲುವ ತನಕ ಕೈಕಟ್ಟಿಕೊಂಡು ಕಾಯುತ್ತಿದ್ದ.