ಅಳುವರಿ ಅರಿಯದ್ದು

ತೊಟ್ಟಿಲಿನ ಹಗ್ಗಕ್ಕೆ ತೂಗುಬಿಟ್ಟಿದ್ದ ನಿಂಬೆಹಣ್ಣಿನ ಗಾತ್ರದ ಯಂತ್ರ ಒಮ್ಮೆ ಹಸಿರಾಗಿ ಮಿನುಗಿತು. "ಹೊಟ್ಟಿ ನೋವಲ್ಲ. ಕಿವಿ ನೋವು," ಎಂದಿತು.

ಇಂದುಮತಿ ಹೊಂಬಳ ಕೈಯಲ್ಲಿದ್ದ ಓಮಿನ ನೀರಿನ ಬಟ್ಟಲನ್ನು ಕೆಳಗಿಟ್ಟರು. ಬೆಳಗಿನಿಂದ ಅಳುತ್ತಿದ್ದ ನಾಲ್ಕು ತಿಂಗಳ ಮೊಮ್ಮಗಳಿಗೆ ಹೊಟ್ಟೆಯುಬ್ಬರವೇ ಸರಿ ಎಂದು ಅವರು ತೀರ್ಮಾನಿಸಿಯಾಗಿತ್ತು. ಇಬ್ಬರು ಮಕ್ಕಳನ್ನು ಹೆತ್ತು ಬೆಳೆಸಿದ ಅನುಭವ ಅವರದು. ಸೊಸೆ ಅನ್ವಿತಾ ಮಗುವಿನ ಬಲಗಿವಿಯನ್ನು ಮೆಲ್ಲಗೆ ಮುಟ್ಟಿದಳು, ಏನೂ ಆಗಲಿಲ್ಲ. ಎಡಗಿವಿಯನ್ನು ಮುಟ್ಟಿದ್ದೇ ತಡ, ಮಗು ಸೂರು ಹಾರಿಹೋಗುವಂತೆ ಚೀರಿತು. ಮಧ್ಯಾಹ್ನ ವೈದ್ಯರೂ ಅದನ್ನೇ ಹೇಳಿ ಔಷಧಿ ಕೊಟ್ಟು ಕಳಿಸಿದರು.

"ಯಂತ್ರ ಗೆದ್ದೈತಿ, ಅತ್ತಿ ಸೋತಾರ," ಎಂದು ಅನ್ವಿತಾ ನಕ್ಕಳು.

"ಸೋತ್ರೂ ನಮ್ಮೂರವರ ಕೈಯಾಗ ಸೋತೇನಿ, ಬಿಡವಾ," ಎಂದರು ಇಂದುಮತಿ. ಹಾಗೆನ್ನುವಾಗ ಅವರ ಎದೆ ಒಂದಂಗುಲ ಉಬ್ಬಿದ್ದು ಸುಳ್ಳಲ್ಲ.

ಆ ಯಂತ್ರದ ಹೆಸರು ಅಳುವರಿ. ಅದನ್ನು ಕಟ್ಟಿದವರು ಗದಗಿನವರೇ ಆದ ಡಾ. ರುದ್ರಮುನಿ ಅಬ್ಬಿಗೇರಿ. ಕೂಸಿನ ಅಳು ನಮ್ಮ ಕಿವಿಗೆ ಒಂದೇ ರಾಗವಾಗಿ ಕೇಳಿದರೂ ಅದರೊಳಗೆ ನೂರಾರು ಏರಿಳಿತಗಳಿರುತ್ತವೆ. ಹಸಿದ ಕೂಸು ತಾಳ ಹಿಡಿದಂತೆ ಬಿಟ್ಟು ಬಿಟ್ಟು ಅಳುತ್ತದೆ. ನೋವಾದ ಕೂಸಿನ ದನಿ ಒಮ್ಮೆಲೇ ಮೇಲಕ್ಕೇರಿ, ಉಸಿರು ಕಟ್ಟಿದಂತೆ ನಿಂತು, ಮತ್ತೆ ಒಡೆಯುತ್ತದೆ. ಈ ಏರಿಳಿತಗಳ ಚಿತ್ರಕ್ಕೆ ಅಬ್ಬಿಗೇರಿಯವರು 'ಅಳುಗೆರೆ' ಎಂದು ಹೆಸರಿಟ್ಟರು. ಸಾವಿರಾರು ಕೂಸುಗಳ ಅಳುಗೆರೆಗಳನ್ನು ಕೃತಕ ಬುದ್ಧಿಮತ್ತೆಗೆ ಉಣಿಸಿ, ಯಾವ ಗೆರೆ ಯಾವ ಕಾರಣಕ್ಕೆ ಎಂಬುದನ್ನು ಅದಕ್ಕೆ ಕಲಿಸಿದರು. ೨೦೫೮ರ ಹೊತ್ತಿಗೆ ಗದಗಿನಲ್ಲಿ ಕೂಸಿದ್ದ ಎರಡು ಮನೆಗೊಂದರಂತೆ ತೊಟ್ಟಿಲಲ್ಲಿ ಅಳುವರಿ ತೂಗುತ್ತಿತ್ತು. ಹೊರದೇಶಗಳಿಂದ ಪತ್ರಕರ್ತರು ಬಂದು ಅಬ್ಬಿಗೇರಿಯವರ ಮನೆಯ ಕಟ್ಟೆಯ ಮೇಲೆ ಕುಳಿತು ಮಿರ್ಚಿ ಭಜಿ ತಿಂದು ಹೋದರು. ಊರಿಗೆ ಊರೇ ಬೀಗುತ್ತಿತ್ತು.

ಇಂದುಮತಿ ಮೂವತ್ತೆರಡು ವರ್ಷ ಗದಗಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವರು. ನಿವೃತ್ತಿಯಾದ ಮೇಲೆ ಅವರು 'ಕನ್ನಡ ಸರ್ವಕೋಶ' ಎಂಬ ಅಂತರ್ಜಾಲ ವಿಶ್ವಕೋಶದ ಸಂಪಾದಕಿಯಾಗಿದ್ದರು. ಸರ್ವಕೋಶವನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಬರೆದ ಪ್ರತಿ ವಾಕ್ಯಕ್ಕೂ ಆಧಾರ ಬೇಕು, ಹೊಗಳಿಕೆಯೂ ಕೂಡದು, ತೆಗಳಿಕೆಯೂ ಕೂಡದು. ಅದನ್ನು ಕಾಯುವುದು ಸಂಪಾದಕರ ಕೆಲಸ. ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಇರುವುದಿಲ್ಲ.

'ಅಳುವರಿ' ಎಂಬ ಲೇಖನ ಅವರ ಪಾಲಿಗೆ ಬಂದಾಗ ಅದು ಅರವತ್ತು ಸಾಲು ಉದ್ದವಿತ್ತು. ಅಭಿಮಾನಿಗಳು ಸೇರಿ ಬರೆದದ್ದು. "ಜಗತ್ತನ್ನೇ ಬೆರಗುಗೊಳಿಸಿದ, ಎಂದೂ ತಪ್ಪದ, ತಾಯಂದಿರ ಪಾಲಿನ ಕಾಮಧೇನು" ಎಂದು ಮೊದಲಾಗಿತ್ತು. ನಡುವೆ ಇನ್ನಾರೋ ಹೊಕ್ಕು, "ತಾಯಿಯ ಕರುಳನ್ನು ಕಿವುಡಾಗಿಸುವ ಪೀಡೆ" ಎಂದೂ ಸೇರಿಸಿದ್ದರು. ಇಂದುಮತಿ ಕಾಮಧೇನುವನ್ನೂ ಹೊಡೆದುಹಾಕಿದರು, ಪೀಡೆಯನ್ನೂ ಹೊಡೆದುಹಾಕಿದರು. 'ಜಗತ್ತಿನಲ್ಲೇ ಮೊದಲು' ಎಂಬುದಕ್ಕೆ ಆಧಾರ ಹುಡುಕಿದರು. ಬೇರೊಂದು ದೇಶದಲ್ಲಿ ಇಂಥದೇ ಒಂದು ಯಂತ್ರ ಎರಡು ವರ್ಷ ಮೊದಲೇ ಬಂದಿತ್ತು. ಆ ಮಾತೂ ಹೋಯಿತು. ಅದನ್ನು ಅಳಿಸುವಾಗ ಮಾತ್ರ ಅವರ ಬೆರಳು ಸ್ವಲ್ಪ ಹೊತ್ತು ತಡೆಯಿತು. ಕೊನೆಗೆ ಉಳಿದದ್ದು ಹನ್ನೊಂದು ಸಾಲು.

ಹೆಸರಿಲ್ಲದಿದ್ದರೂ ತಿದ್ದಿದವರು ಯಾರೆಂದು ಊರಿಗೆ ತಿಳಿಯಿತು, ಊರು ಸುಮ್ಮನಿರಲಿಲ್ಲ. ಕಾಯಿಪಲ್ಲೆ ಮಾರ್ಕೆಟಿನಲ್ಲಿ ಪರಿಚಯದ ಶಿಕ್ಷಕಿಯೊಬ್ಬರು ಅಡ್ಡ ನಿಂತು, "ನಮ್ಮೂರ ಮಾನ ನಿಮ್ಮ ಕೈಯಾಗ ಇತ್ತಲ್ರೀ. ಹೊಡದ ಹಾಕಾಕ ಹೆಂಗ ಮನಸ ಬಂತು?" ಎಂದೇ ಕೇಳಿದರು. ಇಂದುಮತಿ ಬದನೆಕಾಯಿ ಕೊಳ್ಳುವುದನ್ನೂ ಮರೆತು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಸ್ವತಃ ಅಬ್ಬಿಗೇರಿಯವರೇ ಬಾಗಿಲಿಗೆ ಬಂದರು. ನಲವತ್ತರ ಆಸುಪಾಸಿನ, ಮಾತಿಗಿಂತ ಮೊದಲು ಕೈ ಆಡಿಸುವ ಮನುಷ್ಯ.

"ಅಕ್ಕಾರ, ಬೈಯಾಕ ಬಂದಿಲ್ಲ. ಹನ್ನೊಂದು ವರ್ಷದ ಕೆಲಸ. ವರ್ಷಕ್ಕೊಂದು ಸಾಲಿನಂಗ ಬರದೀರಿ. ಇದು ನ್ಯಾಯ ಏನ್ರೀ?"

"ಕೂಡ್ರಿ ಸಾಹೇಬ್ರ. ಹೆಚ್ಚು ಬರಿಯೂ ಸಲುವಾಗಿನ ಕೇಳ್ತೀನಿ, ಹೇಳ್ರಿ. ಎಷ್ಟು ಕೂಸುಗಳ ಮ್ಯಾಲೆ ಪರೀಕ್ಷೆ ಮಾಡೀರಿ?"

"ನಾಲ್ಕು ಸಾವಿರದ ಮುನ್ನೂರು. ನೂರು ಸಲ ಅತ್ತರ ತೊಂಬತ್ತೆರಡು ಸಲ ಅಳುವರಿ ಹೇಳಿದ್ದು ಖರೇ ಆಗೇತಿ. ಅದಕ್ಕ ಸ್ವತಂತ್ರ ತಜ್ಞರ ವರದಿ ಐತಿ."

ಇಂದುಮತಿ ಅದನ್ನು ಬರೆದುಕೊಂಡರು. "ಇದು ಬರೀಬೇಕಾದ ಮಾತು. ನಮ್ಮ ಮೊಮ್ಮಗಳ ಕಿವಿ ನೋವು ಅದ ಹಿಡೀತು, ನನಗ ಗೊತ್ತಾಗಲಿಲ್ಲ. ಇರಲಿ. ದಿನ ತುಂಬದ ಹುಟ್ಟಿದ ಕೂಸುಗಳು ಎಷ್ಟಿದ್ದವು ಇದರಾಗ?"

ಅಬ್ಬಿಗೇರಿಯವರ ಕೈ ನಿಂತಿತು. "ಒಂದೂ ಇಲ್ಲ. ಅಷ್ಟು ಸಣ್ಣ ಕೂಸಿನ ಸನೇಕ ಯಂತ್ರ ತರಾಕ ಆಸ್ಪತ್ರಿಯವರು ಒಪ್ಪಲಿಲ್ಲ. ಆ ಕೂಸುಗಳ ಅಳುಗೆರೆನ ಬ್ಯಾರೆ, ಭಾಳ ತೆಳ್ಳಗ. ನಮ್ಮ ಸಂಶೋಧನಾ ವರದಿಯ ಕಡೀ ಪುಟದಾಗ ಹಾಕೇವಲ್ರೀ."

"ನೋಡೇನಿ. ಸಣ್ಣ ಅಕ್ಷರದಾಗ ಹಾಕೀರಿ. ಸಣ್ಣ ಅಕ್ಷರ ಓದೂದ ನನ್ನ ಉದ್ಯೋಗ ಆಗಿತ್ತು."

"ಅದನ್ನ ಎದ್ದು ಕಾಣೂವಂಗ ಬರದ್ರ, ಜನ ಯಂತ್ರಾನ ಖೊಟ್ಟಿ ಅಂತಾರ!"

"ತೊಂಬತ್ತೆರಡೂ ಎದ್ದು ಕಾಣೂವಂಗ ಬರೀತೀನಿ. ಎರಡೂ ವರದಿಯೊಳಗಿನ ಮಾತ ಅಲ್ಲೇನ್ರೀ?"

ಅಬ್ಬಿಗೇರಿ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಆ ಮಧ್ಯಾಹ್ನವೇ ಇಂದುಮತಿ ಲೇಖನಕ್ಕೆ ಹೊಸ ಸಾಲುಗಳನ್ನು ಸೇರಿಸಿದರು. ತೊಂಬತ್ತೆರಡರ ಮಾತನ್ನು ಮೊದಲ ಭಾಗದಲ್ಲೇ ಇಟ್ಟರು. ಅದರ ಬೆನ್ನಿಗೆ, "ಅವಧಿಗೆ ಮುನ್ನ ಜನಿಸಿದ ಶಿಶುಗಳ ಮೇಲೆ ಅಳುವರಿಯನ್ನು ಪರೀಕ್ಷಿಸಿಲ್ಲ, ಅಂಥ ಶಿಶುಗಳ ವಿಷಯದಲ್ಲಿ ಅದರ ಉತ್ತರ ಎಷ್ಟು ಸರಿ ಎಂಬುದು ತಿಳಿದಿಲ್ಲ" ಎಂದು ಬರೆದರು. ಆ ವಾಕ್ಯವನ್ನು ಏಳು ಸಲ ತಿದ್ದಿದರು. ಹೆದರಿಸುವ ಒಂದು ಪದವೂ ಇರಬಾರದು, ಮರೆಮಾಚುವ ಒಂದು ಪದವೂ ಇರಬಾರದು.

ನಾಲ್ಕು ತಿಂಗಳು ಕಳೆಯಿತು. ಆ ನಡುವೆ ಅಳುವರಿಗೆ ಹೊಸ ಶಕ್ತಿಯೊಂದು ಬಂತು. ಲಸಿಕೆ ಯಾವಾಗ, ಅನ್ನ ತಿನ್ನಿಸುವುದು ಯಾವಾಗ ಎಂದು ತಾಯಂದಿರು ಯಂತ್ರವನ್ನೇ ಕೇಳತೊಡಗಿದ್ದರು. ಅಳುವಿನ ಹೊರಗಿನ ಇಂಥ ಪ್ರಶ್ನೆಗಳಿಗೆ ಸರ್ವಕೋಶವನ್ನು ನೋಡಿ ಉತ್ತರಿಸುವಂತೆ ಅಬ್ಬಿಗೇರಿಯವರ ತಂಡ ಅದನ್ನು ಸಜ್ಜುಗೊಳಿಸಿತು. ಸರ್ವಕೋಶದಲ್ಲಿ ಅಳುವರಿಯ ಬಗೆಗೂ ಒಂದು ಲೇಖನವಿದೆ ಎಂಬುದು ಆ ಹೊತ್ತಿಗೆ ಯಾರ ತಲೆಗೂ ಬರಲಿಲ್ಲ.

ಗದಗಿಗೆ ಸಮೀಪದ ನರೇಗಲ್ಲಿನಲ್ಲಿ ಶಾಹೀನ ನದಾಫ ಎಂಬ ಹೆಣ್ಣುಮಗಳಿಗೆ ಏಳೂವರೆ ತಿಂಗಳಿಗೇ ಹೆರಿಗೆಯಾಗಿತ್ತು. ಕೂಸು ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ದಿನ. ಒಂದು ಮಧ್ಯಾಹ್ನ ಅದು ಹಾಲು ಬಿಟ್ಟು ಸಣ್ಣಗೆ ಮುಲುಗತೊಡಗಿತು. ತೊಟ್ಟಿಲಿನ ಅಳುವರಿ, "ನಿದ್ದಿ ಬಂದೈತಿ, ಮಲಗಸ್ರಿ," ಎಂದಿತು. ಶಾಹೀನಳ ಮನಸ್ಸು ಒಪ್ಪಲಿಲ್ಲ. ಮೂರು ಸಲವೂ ಅದೇ ಉತ್ತರ ಬಂದಾಗ ಅವಳು ರೇಗಿ, "ಖರೇ ಹೇಳು! ದಿನ ತುಂಬದ ಹುಟ್ಟಿದ ಕೂಸು ಇದು. ಇಂಥಾ ಕೂಸಿನ ಅಳು ನಿನಗ ತಿಳೀತೈತೇನು?" ಎಂದಳು.

ಅದು ಅಳುವಲ್ಲ, ಪ್ರಶ್ನೆ. ಯಂತ್ರ ಸರ್ವಕೋಶವನ್ನು ನೋಡಿತು. ಅಲ್ಲಿಯವರೆಗೆ ಮನೆಮಾತಿನಲ್ಲಿ ಮಾತಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ಪುಸ್ತಕದ ಕನ್ನಡದಲ್ಲಿ, "ಅವಧಿಗೆ ಮುನ್ನ ಜನಿಸಿದ ಶಿಶುಗಳ ಮೇಲೆ ಅಳುವರಿಯನ್ನು ಪರೀಕ್ಷಿಸಿಲ್ಲ, ಅಂಥ ಶಿಶುಗಳ ವಿಷಯದಲ್ಲಿ ಅದರ ಉತ್ತರ ಎಷ್ಟು ಸರಿ ಎಂಬುದು ತಿಳಿದಿಲ್ಲ," ಎಂದಿತು.

ಶಾಹೀನ ಮುಂದಿನ ಮಾತಿಗೆ ಕಾಯಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಯವರ ಗಾಡಿ ಹತ್ತಿದಳು. ರಕ್ತಕ್ಕೆ ನಂಜೇರುತ್ತಿತ್ತು. ಸಂಜೆಯವರೆಗೆ ಮಲಗಿಸಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದರು ಗದಗಿನ ವೈದ್ಯರು. ಹನ್ನೆರಡನೆಯ ದಿನ ಅದು ಹಾಲು ಕುಡಿದು, ದಾದಿಯ ಬೆರಳು ಹಿಡಿದುಕೊಂಡಿತು.

ಅಬ್ಬಿಗೇರಿ ಮತ್ತೆ ಇಂದುಮತಿಯವರ ಬಾಗಿಲಿಗೆ ಬಂದರು. ಈ ಸಲ ಅವರ ಕೈ ಆಡುತ್ತಿರಲಿಲ್ಲ.

"ಯಂತ್ರದೊಳಗ ಎಲ್ಲಾ ದಾಖಲಾಗೇತಿ, ಅಕ್ಕಾರ. 'ಗೊತ್ತಿಲ್ಲ' ಅನ್ನೂದನ್ನ ನಾವು ಅದಕ್ಕ ಕಲಿಸಿದ್ದಿಲ್ಲ. ಯಾರು ಕಲಿಸಿದರು ಅಂತ ಹುಡುಕಿದ್ರ, ನಿಮ್ಮ ವಾಕ್ಯ. ಒಂದಕ್ಷರ ಬದಲಿಲ್ಲ. ನನ್ನ ಮಾತು ಕೇಳಿ ನೀವು ಅದನ್ನ ತಗದಿದ್ದರ..."

"ನೀವು ವರದಿಯೊಳಗ ಹಾಕಿದ್ದಿಲ್ಲ ಅಂದ್ರ ನಾ ಎಲ್ಲಿಂದ ಬರೀತಿದ್ದೆ ಸಾಹೇಬ್ರ?" ಎಂದರು ಇಂದುಮತಿ. "ಸಣ್ಣ ಅಕ್ಷರದಾಗ ಆದ್ರೂ ಹಾಕಿದ್ರಲ್ಲ. ಬರ್ರಿ, ಇವತ್ತರ ಚಹಾ ಪೂರ್ತಿ ಕುಡೀರಿ."

ಅಬ್ಬಿಗೇರಿ ಅಂದು ಎರಡು ಕಪ್ಪು ಕುಡಿದರು. ಎದ್ದು ಹೋಗುವಾಗ, ಆಸ್ಪತ್ರೆಯವರೇ ಈಗ ಕರೆಸಿ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಅಳುಗೆರೆ ಸಂಗ್ರಹಿಸಲು ಒಪ್ಪಿದ್ದಾರೆಂದು ಹೇಳಿದರು. ತನ್ನ ಮಿತಿಯನ್ನು ತಾನೇ ಹೇಳುವ ಯಂತ್ರವನ್ನು ನಂಬಬಹುದೆಂದು ಆಸ್ಪತ್ರೆಯವರಿಗೆ ಅನ್ನಿಸಿತ್ತಂತೆ.

ಸುದ್ದಿ ಹಬ್ಬಿತು. ಮಾರ್ಕೆಟಿನಲ್ಲಿ ಅಡ್ಡ ನಿಂತಿದ್ದ ಶಿಕ್ಷಕಿಯೇ ಸರ್ವಕೋಶದ ಲೇಖನಕ್ಕೆ, "ಗದಗಿನ ಹೆಮ್ಮೆಯ ಮಗಳು ಇಂದುಮತಿ ಹೊಂಬಳ ಅವರ ವಾಕ್ಯವೇ ಕೂಸನ್ನು ಉಳಿಸಿತು" ಎಂದು ಸೇರಿಸಿದರು. ಇಂದುಮತಿ ಅದನ್ನು ಎರಡು ಸಲ ಓದಿದರು. ಮೂರನೆಯ ಸಲ ಅನ್ವಿತಾಳನ್ನು ಕರೆದು ಓದಿ ತೋರಿಸಿದರು. ಆಮೇಲೆ ಅಳಿಸಿ, ಅಳಿಸಿದ್ದಕ್ಕೆ ಕಾರಣ ಕೊಡಬೇಕಾದ ಜಾಗದಲ್ಲಿ "ಕೂಸನ್ನು ಉಳಿಸಿದವರು ತಾಯಿ ಮತ್ತು ವೈದ್ಯರು" ಎಂದು ಬರೆದರು.

ಕೆಲವು ವಾರಗಳ ಬಳಿಕ ಅವರು ಮೊಮ್ಮಗಳಿಗೆ ಗಿಲಕಿ ಕೊಳ್ಳಲು ಪೇಟೆಯ ಅಂಗಡಿಗೆ ಹೋಗಿದ್ದರು. ತುಂಬು ಬಸುರಿಯೊಬ್ಬಳು ಹೊಸ ಅಳುವರಿಯನ್ನು ಕೈಯಲ್ಲಿ ಹಿಡಿದು, "ಏನು ಬರ್ತೈತಿ ಅನ್ನೂದನ್ನ ಆಮ್ಯಾಲೆ ಹೇಳು. ನಿನಗ ಏನು ಬರೂದಿಲ್ಲ, ಮೊದಲು ಅದನ್ನ ಹೇಳು," ಎನ್ನುತ್ತಿದ್ದಳು.

"ಈಗ ಬರೂ ಹೆಣ್ಣುಮಕ್ಕಳು ಎಲ್ಲಾರೂ ಹಿಂಗ ಕೇಳ್ತಾರ್ರಿ," ಎಂದ ಅಂಗಡಿಯಾತ ಇಂದುಮತಿಯತ್ತ ತಿರುಗಿ. "ಮಿಕ್ಸರ್ ಕೊಳ್ಳಾಕ ಬಂದವರೂ ಇದನ್ನ ಕೇಳಾಕತ್ತಾರ!"

ಯಂತ್ರ ಸರ್ವಕೋಶದ ಅದೇ ವಾಕ್ಯದಿಂದ ಉತ್ತರಿಸತೊಡಗಿತು. ವಾಕ್ಯದ ನಡುವೆ, ಅಲ್ಪವಿರಾಮ ಇದ್ದಲ್ಲಿ, ಸರಿಯಾಗಿ ಒಂದು ಉಸಿರಿನಷ್ಟು ನಿಂತಿತು. ಆ ಚಿಹ್ನೆಯನ್ನು ಅಲ್ಲಿ ಇಡಲೋ ಬೇಡವೋ ಎಂದು ತಾವು ಅರ್ಧ ಗಂಟೆ ಯೋಚಿಸಿದ್ದು ಇಂದುಮತಿಗೆ ಮಾತ್ರ ಗೊತ್ತಿತ್ತು. ಬಸುರಿ ತಲೆದೂಗಿ, "ಹಾಂ, ಇದು ನಂಬಿಗಸ್ತ ಐತಿ," ಎಂದಳು.

"ನಮ್ಮೂರಿಂದ್ರೀ ಅಕ್ಕಾರ ಇದು," ಎಂದ ಅಂಗಡಿಯಾತ, ಇಂದುಮತಿಗೆ ತಿಳಿಯದೆಂಬಂತೆ.

"ಹೌದಪಾ, ನಮ್ಮೂರಿಂದ," ಎಂದು ಇಂದುಮತಿ ಗಿಲಕಿಯನ್ನು ಚೀಲಕ್ಕೆ ಹಾಕಿಕೊಂಡು, ಬಿಸಿಲಿಗೆ ತಲೆಯ ಮೇಲೆ ಸೆರಗೆಳೆದುಕೊಳ್ಳುವುದನ್ನೂ ಮರೆತು, ನೆಟ್ಟಗೆ ನಡೆದು ಹೋದರು.