ಒಂದೇ ದಪ್ಪದ ಎರಡು ದಾರ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾಟಕ ಕಂಪನಿಯ ಮ್ಯಾನೇಜರ್ ಠಾಣೆಗೆ ಓಡಿಬಂದು ದೂರು ಕೊಟ್ಟ. ಹಿಂದಿನ ದಿನ ತಾಲೀಮಿನಲ್ಲಿ, ರಂಗದ ಮೇಲೆ ತೂಗುತ್ತಿದ್ದ ಮರದ ಚಂದ್ರ ಬಿದ್ದು ಕಂಪನಿ ಮಾಲೀಕನ ಭುಜದ ಮೂಳೆ ಮುರಿದಿತ್ತು. ಎಫ್‌ಐಆರ್ ದಾಖಲಾಯಿತು. ಅಪಘಾತವೆಂದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಇನ್‌ಸ್ಪೆಕ್ಟರ್ ಮೇಡಂ ಸುಲಭದ ಉತ್ತರ ಕಂಡರೆ ಮೂಗು ಮುರಿಯುವವರು.

ಪಂಚರ ಎದುರು ಪಂಚನಾಮೆ ನಡೆಯಿತು. ಚಂದ್ರನ ತೂಕ ನಾಲ್ಕು ಕಿಲೋ. ಪ್ರೇಕ್ಷಕರ ಕಣ್ಣಿಗೆ ಬೀಳಬಾರದೆಂದು ಅದನ್ನು ಮೀನಿನ ಗಾಳದ ದಾರದಲ್ಲಿ ಕಟ್ಟಿದ್ದರು. ತುಂಡಾದ ದಾರ ಒಂಟಿ ಎಳೆಯ ನೈಲಾನ್, ನುಣುಪು. ಪಕ್ಕದ ಮೋಡಗಳನ್ನು ಹೊತ್ತಿದ್ದದ್ದು ಹಲವು ಎಳೆ ಸೇರಿಸಿ ಹೆಣೆದದ್ದು, ಬೆರಳಿಗೆ ತರಿತರಿ. ಅಳೆದರೆ ಎರಡೂ ಕಾಲು ಮಿಲಿಮೀಟರ್ ದಪ್ಪ.

ಠಾಣೆಯ ಹಿತ್ತಲಲ್ಲಿ ಮೇಡಂ ಎದುರು ಕಾನ್‌ಸ್ಟೇಬಲ್ ಎರಡಕ್ಕೂ ಬಕೆಟ್ ತೂಗುಹಾಕಿದ. ನಾಲ್ಕು ಲೀಟರ್ ನೀರಿಗೆ ನುಣುಪು ದಾರ ಹೇಗೋ ತಡೆದುಕೊಂಡಿತು.

"ಈಗ ಒಂದ್ಸಲ ಜೋರಾಗಿ ಜಗ್ಗಪ್ಪಾ."

ಪಟ್ಟನೆ ಹರಿಯಿತು. ಕಾನ್‌ಸ್ಟೇಬಲ್‌ನ ಬೂಟು ತೊಯ್ದು ತೊಪ್ಪೆಯಾಯಿತು. ಹೆಣೆದ ದಾರ ಮಾತ್ರ ತುಂಬಿದ ಬಕೆಟ್ಟಿಗೂ ಜಪ್ಪಯ್ಯ ಅನ್ನಲಿಲ್ಲ.

"ತಾನಾಗಿ ಬಿದ್ದಿಲ್ಲ ಕಣಯ್ಯ. ಮೇಲಿಂದ ಯಾರೋ ಜಗ್ಗಿದ್ದಾರೆ."

ಅಟ್ಟದಲ್ಲಿ ನಿಂತು ಚಂದ್ರನನ್ನು ಏರಿಸಿ ಇಳಿಸುವವನು ಒಬ್ಬನೇ, ಪರದೆಯವನು. ಅವನನ್ನು ಕರೆಸಿ ಕೂರಿಸಿದರು.

"ದಾರ ಬದಲಾಗಿದ್ದು ಗೊತ್ತಾಗ್ಲಿಲ್ವಾ?"

"ಕಣ್ಣು ಮುಚ್ಕೊಂಡು ಮುಟ್ಟಿದ್ರೂ ಗೊತ್ತಾಗುತ್ತೆ. ನಾನೇ ಕಟ್ಟಿದ್ದು, ನಾನೇ ಜಗ್ಗಿದ್ದು."

"ಯಾಕೆ?"

"ಹೋದ ವರ್ಷ ನನ್ನ ತಂಗಿ ಅದೇ ಚಂದ್ರನ ಕೆಳಗೆ ನಿಂತು ಹಾಡ್ತಿದ್ಲು ಮೇಡಂ. ಹೆಣೆದ ದಾರ ತರ್ಸಿ ಅಂತ ಅಂಗಲಾಚಿದ್ದೆ. ಮಾಲೀಕ್ರು ಅಗ್ಗದ್ದು ತಂದು, 'ಎರಡೂ ಒಂದೇ ದಪ್ಪ ಅಲ್ವೇನೋ' ಅಂತ ನಕ್ರು. ಅವತ್ತು ಏರಿಸ್ತಿದ್ದವನೂ ನಾನೇ. ಕೈ ಒಂಚೂರು ಜರ್ಕ್ ಆಯ್ತು, ಅಷ್ಟೇ. ಚಂದ್ರ ಅವಳ ತಲೆ ಮೇಲೆ ಬಿತ್ತು. ಈಗ ಅಣ್ಣ ಅಂತ ನನ್ನ ಗುರುತೂ ಹಿಡಿಯಲ್ಲ."

"ದೂರು ಕೊಡ್ಲಿಲ್ವಾ?"

"ಇದೇ ಠಾಣೆಗೆ ಕೊಟ್ಟಿದ್ದೆ. ಆಗಿದ್ದ ಸಾಹೇಬ್ರು ದಾರ ಮುಟ್ಟಿ ಕೂಡ ನೋಡ್ದೆ ಅಪಘಾತ ಅಂದ್ರು. ಆಮೇಲೆ ಮಾಲೀಕ್ರು ಹೆಣೆದ ದಾರ ತರ್ಸಿದ್ರು. ಆ ಅಗ್ಗದ್ರಲ್ಲಿ ಉಳಿದದ್ದನ್ನ ನಾನು ಎತ್ತಿಟ್ಟಿದ್ದೆ. ಅದ್ರಲ್ಲೇ ಕಟ್ಟಿದೆ." ಅವನ ದನಿಯಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. "ಅವರ ಮೂಳೆ ಮುರಿದ ಸದ್ದು ಕೇಳಿ ನನ್ನ ಹೊಟ್ಟೆ ತಣ್ಣಗಾಯ್ತು. ನೀವು ಅಳೆದಿದ್ದನ್ನ ಮಾತ್ರ ಸರಿಯಾಗಿ ಬರೀರಿ."

ಸಂಜೆ ನಾಲ್ಕಕ್ಕೆ ಅವನ ಬಂಧನವಾಯಿತು. ಮೇಡಂ ಹೋದ ವರ್ಷದ ಫೈಲು ತೆಗೆಸಿ, ದಾರದ ಅಳತೆಯ ವರದಿಯ ಒಂದು ಪ್ರತಿಯನ್ನು ಅದಕ್ಕೂ ಸೇರಿಸಿದರು.

ಬೂಟು ಇನ್ನೂ ಒಣಗಿರದ ಕಾನ್‌ಸ್ಟೇಬಲ್ ಆಸ್ಪತ್ರೆಯಲ್ಲಿ ಮಾಲೀಕನ ಹಾಸಿಗೆಯ ಪಕ್ಕ ನಿಂತ.

"ನನ್ನ ಕಾವಲಿಗೆ ಬಂದ್ಯಾ?"

"ಇಲ್ಲ ಸ್ವಾಮಿ, ಹೇಳಿಕೆ ತಗೊಳ್ಳೋಕೆ. ಹೋದ ವರ್ಷ ನೀವು ತಂದ ದಾರದ ವಿಷಯ."